ಮೂರನೆಯ ಸಾಲಿನ ಅವಸರ

ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯಲ್ಲಿ ಶ್ರಾವಣವಿಡೀ ಸಂಜೆ ಹೊತ್ತು ಪುರಾಣ ಓದುವುದು ಹಿಂದಿನಿಂದ ನಡೆದುಬಂದ ರೂಢಿ. ಓದುವವರು ಪರಮಶಿವಪ್ಪ. ಅವರದು ದೊಡ್ಡ ದನಿಯೇನಲ್ಲ, ಆದರೆ ಕೊನೆಯ ಕಂಬಕ್ಕೆ ಒರಗಿ ಕೂತವರಿಗೂ ಒಂದಕ್ಷರ ಬಿಡದೆ ಮುಟ್ಟುತ್ತಿತ್ತು. ಓದುತ್ತ ಓದುತ್ತ ಅವರ ಬಲಗೈಯ ತೋರುಬೆರಳಿನ ಉಗುರು ವ್ಯಾಸಪೀಠದ ಅಂಚಿನ ಮೇಲೆ ಮಾತ್ರೆ ಬಡಿಯುತ್ತಿತ್ತು. ಮೂರು, ನಾಲ್ಕು. ಮೂರು, ನಾಲ್ಕು. ಹೀಗೆ ಎರಡು ಸಾಲು ನಡೆದು, ಮೂರನೆಯ ಸಾಲು ಉದ್ದಕ್ಕೆ ಹರಿದು, ಅದರ ಕೊನೆಗೆ ಒಂದು ಗುರು ನಿಂತು, ಉಸಿರು ತೆಗೆದುಕೊಂಡು, ಮತ್ತೆ ಅದೇ ನಡಿಗೆ. ಭಾಮಿನಿ ಷಟ್ಪದಿ ಎಂಬ ಹೆಸರು ಕೇಳದ ಹೆಂಗಸರಿಗೂ ಆ ಟಿಕ್ ಟಿಕ್ ಗೊತ್ತಿತ್ತು. ಒರಳಿನ ಮುಂದೆ ಕೂತಾಗ ಅವರ ಕೈ ತಾನೇ ತಾನಾಗಿ ಆ ನಡೆ ಹಿಡಿಯುತ್ತಿತ್ತು.

ಅವರ ಒಬ್ಬನೇ ಮಗ ಧರ್ಮಪ್ಪ ತೊಟ್ಟಿಲು ಬಿಟ್ಟಂದಿನಿಂದ ಆ ಬೆರಳಿನ ಕೆಳಗೇ ಮಲಗಿದವನು. ಅಪ್ಪ ಅವನ ಬೆನ್ನ ಮೇಲೆ ಪದ್ಯ ಬಡಿದು ನಿದ್ದೆ ಬರಿಸುತ್ತಿದ್ದರು. ಮುಂದೆ ಅವನಿಗೆ ಓದುವುದನ್ನೂ ಕಲಿಸಿದರು. ಹುಡುಗನಿಗೆ ಒಂದು ಕೆಟ್ಟ ಚಾಳಿ ಇತ್ತು. ಮೂರನೆಯ ಸಾಲಿನ ಕೊನೆಗೆ ನಿಲ್ಲುವ ತಾಳ್ಮೆಯೇ ಇರಲಿಲ್ಲ.

“ಎಲ್ಲಿಗೋ ಓಡ್ತೀಯ?” ಎಂದು ಅಪ್ಪ ಗದರುತ್ತಿದ್ದರು. “ಗುರು ನಿಲ್ಲೋ ಜಾಗ ಅದು. ಮುಂದಿನ ಸಾಲಿಗೇನು ಕಾಲು ಬಂದಾವಾ ಓಡಿ ಹೋಗಾಕೆ? ನಿಲ್ಲು.”

ಅವನು ನಿಲ್ಲಲಿಲ್ಲ. ಪದ್ಯ ಬಿಟ್ಟು ಬಿ.ಎಸ್ಸಿ. ಓದಿದ. ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದ. ಜಗದಾಂಬಳನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿದ. ಪುರಾಣ ಕೇಳಿ ವರ್ಷಗಳೇ ಆಗಿದ್ದವು.

ರಷ್ಯಾದವರು ಮೂರನೆಯ ಸ್ಪುಟ್ನಿಕ್ ಹಾರಿಸಿದ ವರ್ಷ ಅದು. ಶಿಕಾರಿಪುರದ ಬಟ್ಟೆ ವ್ಯಾಪಾರಿ ವೀರಬಸಪ್ಪ ಬ್ಯಾಟರಿ ರೇಡಿಯೋ ಕೊಂಡಿದ್ದರು. ಅದರ ಮೇಲೆ ಅವರ ಹೆಂಡತಿ ಕಸೂತಿ ಹಾಕಿದ ಮುಸುಕು. ಮುಳ್ಳು ತಿರುಗಿಸುವ ಅಧಿಕಾರ ಧರ್ಮಪ್ಪ ಮೇಷ್ಟರಿಗೆ ಮಾತ್ರ. ಪತ್ರಿಕೆಯಲ್ಲಿ ಬಂದದ್ದನ್ನು ಅವನು ಅಂಗಡಿಯ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳುತ್ತಿದ್ದ. ಆಕಾಶದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಬಂದೂಕಿನ ಗುಂಡಿಗಿಂತ ಜೋರಾಗಿ ಹಾರಾಡುತ್ತಿರುತ್ತದೆ. ಸಾಸಿವೆಯಷ್ಟು ದಪ್ಪದ್ದು ಬಡಿದರೂ ಉಪಗ್ರಹದ ತಗಡು ತೂತಾದೀತು. ಅಂಥ ಧೂಳು ಎಷ್ಟಿದೆ ಎಂದು ತಿಳಿಯಲು ಉಪಗ್ರಹದ ಮೈಗೆ ಕಿವಿಯಂಥ ತಟ್ಟೆಗಳನ್ನು ಕೂರಿಸಿದ್ದಾರೆ. ಒಂದು ಕಣ ತಾಗಿದರೂ ತಟ್ಟೆ ನಡುಗುತ್ತದೆ, ನಡುಕ ಲೆಕ್ಕಕ್ಕೆ ಸೇರುತ್ತದೆ, ಲೆಕ್ಕ ರೇಡಿಯೋದಲ್ಲಿ ಕೆಳಗೆ ಬರುತ್ತದೆ.

ಇಷ್ಟೂ ನಿಜ. ಆದರೆ ಆ ಲೆಕ್ಕ ಗುಪ್ತ ಸಂಕೇತದಲ್ಲಿ ಬರುತ್ತದೆ, ನಮ್ಮ ರೇಡಿಯೋಗೆ ಸಿಕ್ಕರೆ ಸಿಕ್ಕೀತು ಉಪಗ್ರಹದ ಬರೀ ಕೂಗು, ಧೂಳಿನ ಸದ್ದಲ್ಲ ಎಂಬುದನ್ನು ಅವನು ಹೇಳಲಿಲ್ಲ. ಹೇಳಿದ್ದರೆ ಕೇಳುವವರ ಮುಖದ ಬೆರಗು ಅರ್ಧ ಇಳಿದುಹೋಗುತ್ತಿತ್ತು. ಅದನ್ನು ಇಳಿಸಲು ಅವನಿಗೆ ಮನಸ್ಸಾಗಲಿಲ್ಲ.

ಮಾತು ತೊಗರ್ಸಿಗೂ ಹೋಯಿತು. “ನಮ್ಮ ಧರ್ಮ ಆಕಾಶದ ಧೂಳಿನ ಸದ್ದು ಕೇಳಿಸ್ತಾನಂತೆ” ಎಂದು ಪರಮಶಿವಪ್ಪನವರೇ ನಾಲ್ಕು ಜನಕ್ಕೆ ಹೇಳಿದರು. ಒಂದು ಸಂಜೆ ಪುರಾಣಕ್ಕೆ ಮುಂಚೆ ರೇಡಿಯೋ ಇಡುವುದೆಂದಾಯಿತು.

ಅಂದು ಮುಖಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬದಿಂದ ಕಂಬಕ್ಕೆ ತಂತಿ ಎಳೆದರು. ರೇಡಿಯೋವನ್ನು ವ್ಯಾಸಪೀಠದ ಪಕ್ಕದ ಮಣೆಯ ಮೇಲೆ ಕೂರಿಸಿದರು. ಧರ್ಮಪ್ಪ ಅದರ ಹಿಂದೆ ಕೂತು, ಕಸೂತಿ ಮುಸುಕಿನೊಳಗೆ ಕೈಯಿಟ್ಟು ಮುಳ್ಳು ತಿರುಗಿಸಿದ. ಗೊರಗೊರ ಸದ್ದು. ಉಪಗ್ರಹ ತಲೆಯ ಮೇಲೆ ಹಾಯುವುದೆಂದು ಪತ್ರಿಕೆಯಲ್ಲಿ ಕೊಟ್ಟ ವೇಳೆ ಬಂತು, ಮೀರಿಯೂ ಹೋಯಿತು. ಗೊರಗೊರ ಬಿಟ್ಟರೆ ಬೇರೇನಿಲ್ಲ.

ಜನ ಕೈ ಮುಗಿದುಕೊಂಡೇ ಕೂತಿದ್ದರು. ಗದ್ದಲ ಮಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಷ್ಟೂ ಜನ ಕೆಮ್ಮು ಬಂದರೂ ಸೆರಗಿನಲ್ಲಿ, ಟವೆಲಿನಲ್ಲಿ ಅದುಮಿಕೊಂಡು ಕಾದರು. ಚಂದ್ರಗುತ್ತಿಯಿಂದ ತೊಗರ್ಸಿಯ ಮಗಳ ಮನೆಗೆ ಬಂದಿದ್ದ ಮುದುಕಿ ಗುತ್ಯಮ್ಮ, ಕಣ್ಣು ಮಂಜಾದವಳು, ರೇಡಿಯೋದ ಹತ್ತಿರಕ್ಕೆ ಮೊಣಕಾಲಲ್ಲೇ ಸರಿದು ಬಂದು ಕಿವಿ ಕೊಟ್ಟಿದ್ದಳು. ಅಪ್ಪ ಕಣ್ಣು ಮುಚ್ಚಿದ್ದರು.

“ಮೇಷ್ಟ್ರೇ, ಏನಾರ ಕೆಟ್ಟೈತೇನ್ರೀ?” ಎಂದು ವೀರಬಸಪ್ಪ ಪಿಸುಗುಟ್ಟಿದರು.

“ಸುಮ್ನಿರಿ. ಬರ್ತಾ ಐತೆ” ಎಂದ ಧರ್ಮಪ್ಪ.

ಮುಸುಕಿನೊಳಗಿದ್ದ ಅವನ ಬೆರಳು ಒಮ್ಮೆ ಪೆಟ್ಟಿಗೆಯ ಮರಕ್ಕೆ ತಾಗಿತು. ಟಿಕ್. ಅದು ತಾನಾಗಿ ತಾಗಿತೋ ನಾನೇ ತಾಗಿಸಿದೆನೋ ಎಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಮೊದಲನೆಯ ಬಡಿತಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಇದೆ. ಮೊದಲನೆಯದು ಕೇಳಿದೊಡನೆ ಗುತ್ಯಮ್ಮನ ಬಾಯಿ ತೆರೆಯಿತು, “ಶಿವಾ” ಎಂದಳು. ಎರಡನೆಯದನ್ನು ಅವನೇ ಬಡಿದ.

ಧೂಳಿಗೆ ಲಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಡ್ಡಾದಿಡ್ಡಿ ಬಡಿಯಬೇಕೆಂದೇ ಹೊರಟ. ಒಂದು, ತಡೆದು ಇನ್ನೊಂದು, ಜೊತೆಗೇ ಮತ್ತೊಂದು. ಆದರೆ ದಾರಿ ಬಲ್ಲ ಎತ್ತು ಗಾಡಿಯವನು ತೂಕಡಿಸಿದಾಗ ಮನೆಯ ಕಡೆ ತಿರುಗುವ ಹಾಗೆ, ಬೆರಳು ತನಗೆ ಗೊತ್ತಿದ್ದ ದಾರಿಗೆ ಬಿತ್ತು. ಅವನಿಗೆ ಅದು ತಿಳಿದದ್ದು ಅಪ್ಪನ ಉಗುರು ವ್ಯಾಸಪೀಠದ ಮೇಲೆ ಜೊತೆಗೂಡಿದಾಗ. ಟಿಕ್, ಟಿಕ್. ಎರಡು ಮರ, ಒಂದೇ ನಡೆ.

ಪರಮಶಿವಪ್ಪ ಕಣ್ಣು ತೆರೆದರು. “ಷಟ್ಪದಿ!” ಎಂದರು. “ಇದು ಷಟ್ಪದಿ ಕಣ್ರಪ್ಪಾ. ಮೇಲಿನ ಧೂಳೂ ಷಟ್ಪದೀಲಿ ಬೀಳ್ತಾ ಐತೆ!”

ಮಂಟಪದ ತುಂಬ ಹರಹರ ಮಹಾದೇವ. ಹೆಂಗಸರು ಕೆನ್ನೆ ಬಡಿದುಕೊಂಡರು. “ನೋಡ್ರಿ ಮತ್ತೆ, ನನ್ನ ರೇಡಿಯೋದಾಗೆ!” ಎಂದು ವೀರಬಸಪ್ಪ ಎದ್ದೇ ನಿಂತರು. ಈಗ ನಿಲ್ಲಿಸಿದರೂ ಕಷ್ಟ, ಬಡಿದರೂ ಕಷ್ಟ. ಪದ್ಯ ಮುಗಿಯುವವರೆಗೂ ಬಡಿದು, ಧರ್ಮಪ್ಪ ಮುಳ್ಳು ತಿರುಗಿಸಿ, “ಹೋಯ್ತು. ಗುಡ್ಡದಾಚೆ ಇಳೀತು” ಎಂದ.

ಮನೆಗೆ ಬಂದ ಮೇಲೆ ಜಗದಾಂಬ ಊಟಕ್ಕೆ ಬಡಿಸುತ್ತ ಕೇಳಿದಳು. “ರೀ, ಆಕಾಶದಾಗೆ ಧೂಳು ಬಿದ್ದಾಗೆಲ್ಲ ನಿಮ್ಮ ಮೊಣಕೈ ಯಾಕೆ ಅಲ್ಲಾಡ್ತಿತ್ತು?”

ಅವನು ತುತ್ತು ಕೈಯಲ್ಲೇ ಹಿಡಿದು ಕೂತ.

“ನಾನು ಹೆಂಗಸರ ಕಡೆ ಕೂತಿದ್ದೆ. ಅಲ್ಲಿಂದ ಕಾಣ್ತಿತ್ತು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಮಾವನವರಿಗೆ ಹೇಳಿಬಿಡ್ರಿ. ಬಿಸಿ ಇರೋವಾಗಲೇ ಹೇಳಿದ್ರೆ ನಗೆಯಾಗಿ ಹೋಗುತ್ತೆ. ಆರಿದ ಮೇಲೆ ಆಗಲ್ಲ.”

ಅವನಿಗೂ ಅದು ಗೊತ್ತಿತ್ತು. ನಾಳೆ ಹೋಗಿ ಹೇಳುತ್ತೇನೆ ಎಂದ. ನಾಳೆ ಶಾಲೆಯಿತ್ತು. ಅದರ ಮರುದಿನ ಮಳೆಯಿತ್ತು. ಅಷ್ಟರಲ್ಲಿ ಸುದ್ದಿ ಶಿರಾಳಕೊಪ್ಪ ದಾಟಿ, ಉಳವಿ ಮುಟ್ಟಿ, ಸೊರಬಕ್ಕೂ ಹೋಗಿತ್ತು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಟಿಕ್ ಎಂದರೆ ಅವನ ಕೈ ನಿಂತುಹೋಗುತ್ತಿತ್ತು. ಬಜಾರಿನಲ್ಲಿ ಯಾರಾದರೂ “ಮೇಷ್ಟ್ರೇ, ನಮಸ್ಕಾರ” ಎಂದರೆ ಮುಖ ಅತ್ತ ತಿರುಗಿಸಿಕೊಂಡು ಹೋಗುತ್ತಿದ್ದ. ಜನ ಅದನ್ನೂ ದೊಡ್ಡವರ ಗಾಂಭೀರ್ಯ ಎಂದುಕೊಂಡರು.

ಒಂದು ಬೆಳಿಗ್ಗೆ ಪರಮಶಿವಪ್ಪನವರೇ ಬಸ್ಸಿಳಿದು ಮನೆಗೆ ಬಂದರು. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದರು. ಮದುವೆ ಮುಂಜಿಗೆ ಮಾತ್ರ ಹೊದೆಯುವ ಶಾಲು ಹೆಗಲ ಮೇಲಿತ್ತು.

“ಬರೋ ಸೋಮವಾರ ಸೊರಬದ ಮಠದಾಗೆ ಸೇರ್ತಾರೆ. ಹತ್ತೂರಿನವರು ಬರ್ತಾರೆ” ಎಂದರು. “ನನ್ನನ್ನ ಓದಾಕೆ ಕರೆದಾರೆ. ಓದಿನ ಮುಂಚೆ ನಾನು ನಾಲ್ಕು ಮಾತು ಹೇಳ್ತೀನಿ. ನೀನು ರೇಡಿಯೋ ತಗಂಡು ಬಾ.”

ಧರ್ಮಪ್ಪ ಅಪ್ಪನನ್ನೇ ನೋಡಿದ. ಇಷ್ಟು ವರ್ಷ ಯಾರು ಎಷ್ಟು ಒತ್ತಾಯ ಮಾಡಿದರೂ ಆ ಮನುಷ್ಯ ಸಭೆಯಲ್ಲಿ ಸ್ವಂತದ್ದೊಂದು ಮಾತು ಆಡಿದವರಲ್ಲ. ನಾನು ಓದೋನು ಅಷ್ಟೇ, ಅರ್ಥ ಹೇಳೋರು ಬೇರೆ ಇದಾರೆ ಎಂದು ಪುಸ್ತಕ ಮುಚ್ಚುತ್ತಿದ್ದರು.

“ಏನು ಹೇಳ್ತೀರಪ್ಪ?”

ಪರಮಶಿವಪ್ಪ ಶಾಲಿನ ಅಂಚು ನೀವಿದರು. “ನನಗೆ ಓದು ಕಲಿಸಿದ ಗುರುಗಳು ಒಂದು ಮಾತು ಹೇಳಿದ್ರು. ಈ ನಡೆ ಮನುಷ್ಯ ಕಟ್ಟಿದ್ದಲ್ಲ, ಮೊದಲೇ ಇತ್ತು, ಕವಿಗೆ ಕೇಳಿಸ್ತು ಅಷ್ಟೇ ಅಂತ. ನಾನು ಹೂಂ ಅಂದಿದ್ದೆ. ಒಳಗೆ ನಂಬಿಕೆ ಬಂದಿರ್ಲಿಲ್ಲ ಧರ್ಮ. ಯಾರೋ ಬುದ್ಧಿವಂತರು ಕೂತು ಎಣಿಸಿ ಮಾಡಿದ ಲೆಕ್ಕ ಇದು ಅನ್ಸೋದು. ವಿಭೂತಿ ಹಚ್ಕಂಡು ಪೀಠದ ಮುಂದೆ ಕೂರ್ತಿದ್ದೆ, ಜನ ಕೈ ಮುಗೀತಿದ್ರು. ನಾನು ಕಳ್ಳನ ಹಂಗೆ ಕೂತಿರ್ತಿದ್ದೆ. ಈ ವಯಸ್ಸಿಗೆ ಅದು ಹೋಯ್ತು ನೋಡು. ಅದನ್ನೇ ಹೇಳ್ಬೇಕು. ನಾನು ನಂಬಿರ್ಲಿಲ್ಲ, ನನ್ನ ಮಗನಿಂದ ನಂಬಿಕೆ ಬಂತು ಅಂತ.”

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಜಗದಾಂಬ ಗಂಡನ ಮುಖ ನೋಡಿದಳು. ಈಗ, ಎಂದಿತು ಆ ನೋಟ.

“ಅಪ್ಪ, ಆವತ್ತಿನ ಸದ್ದು...” ಎಂದ ಧರ್ಮಪ್ಪ.

“ಹೇಳು.”

ಅಪ್ಪನ ಮುಖದಲ್ಲಿ ಅವನು ಎಂದೂ ಕಾಣದಿದ್ದ ಹಗುರವಿತ್ತು. ಭಾರ ಹೊತ್ತು ಗುಡ್ಡ ಹತ್ತಿದವನು ಕಟ್ಟೆಯ ಮೇಲೆ ಹೊರೆ ಇಳಿಸಿದ ಮೇಲೆ ಕಾಣುವ ಹಾಗೆ. ಆ ಹೊರೆಯನ್ನು ಎತ್ತಿ ಮತ್ತೆ ಅವರ ತಲೆಯ ಮೇಲೆ ತಾನೇ ಇಡಬೇಕಿತ್ತು.

“ಆವತ್ತಿನ ಸದ್ದು ಸೊರಬದಾಗೆ ಬರುತ್ತೋ ಇಲ್ವೋ ಅಂತ” ಎಂದ.

“ಬರದಿದ್ರೆ ಬ್ಯಾಡ. ಒಂದ್ಸಲ ಕೇಳಿದೀನಲ್ಲ” ಎಂದು ಪರಮಶಿವಪ್ಪ ನಕ್ಕರು. ಜಗದಾಂಬ ಲೋಟ ನೆಲಕ್ಕಿಟ್ಟ ಸದ್ದು ಸ್ವಲ್ಪ ಜೋರಾಗೇ ಆಯಿತು.

ಸೋಮವಾರ ಸೊರಬದ ಬಸ್ಸಿನಲ್ಲಿ ಧರ್ಮಪ್ಪ ಕಂಬಳಿ ಸುತ್ತಿದ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ವೀರಬಸಪ್ಪ ಬ್ಯಾಟರಿ ಹಿಡಿದಿದ್ದರು. ಹೊಂಡ ಬಂದಾಗೆಲ್ಲ “ಮೇಷ್ಟ್ರೇ, ಜ್ವಾಕೆ, ಎಳೇ ಕೂಸಿನ ಹಂಗೆ ಹಿಡ್ಕಳ್ರಿ” ಎನ್ನುವರು. ಮುಂದಿನ ಸೀಟಿನಲ್ಲಿ ಅಪ್ಪ ತುಟಿ ಅಲ್ಲಾಡಿಸುತ್ತ ತಮ್ಮ ನಾಲ್ಕು ಮಾತನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಉಪಗ್ರಹ ಬಾರದಿರಲಿ ಎಂದು ಧರ್ಮಪ್ಪ ದಾರಿಯುದ್ದಕ್ಕೂ ಬೇಡಿಕೊಂಡ. ಬಾರದಿದ್ದರೆ ಇವತ್ತಿಲ್ಲ ಎಂದು ಕೈ ಮುಗಿದು ಎದ್ದುಬಿಡಬಹುದು. ಅಷ್ಟು ದಿನ ಬರಲೆಂದು ಹಾತೊರೆದದ್ದನ್ನು ಬಾರದಿರಲಿ ಎಂದು ದೇವರಲ್ಲಿ ಬೇಡುವ ಸ್ಥಿತಿಗೆ ಅವನು ಬಂದಿದ್ದ.

ಮಠದ ಅಂಗಳ ಆಗಲೇ ತುಂಬಿತ್ತು. ಗುತ್ಯಮ್ಮ ಚಂದ್ರಗುತ್ತಿಯಿಂದ ನಸುಕಿನಲ್ಲೇ ಹೊರಟು ಬಂದು ಮುಂದೆ ಕೂತಿದ್ದಳು. ತಂತಿ ಕಟ್ಟಿದ್ದಾಯಿತು. ಧರ್ಮಪ್ಪ ಮುಸುಕನ್ನು ತೆಗೆದು ಬದಿಗಿಟ್ಟ. ವೀರಬಸಪ್ಪ ಅದನ್ನು ಮತ್ತೆ ಹೊದಿಸಿದರು. “ಇರ್ಲಿ ಬಿಡ್ರಿ, ಮನೆಯಾಕೆ ಬೈತಾಳೆ.”

ಮುಳ್ಳು ಪಟ್ಟಿಯ ತುದಿಗೆ ಹೋಯಿತು. ಗೊರಗೊರ. ವೇಳೆ ಬಂತು.

ವೇಳೆಯ ಜೊತೆಗೆ ಉಪಗ್ರಹದ ಕೂಗೂ ಬಂತು. ಮೊದಲು ಗೊರಗೊರ ಸದ್ದನ್ನೇ ಯಾರೋ ಹಿಡಿದು ಬಿಟ್ಟ ಹಾಗೆ. ಮತ್ತೆ ಹಿಡಿದು ಬಿಟ್ಟ ಹಾಗೆ. ಆಮೇಲೆ ಅದರ ನಡುವೆ ಕೂದಲೆಳೆಯಂಥ ಒಂದು ಸಿಳ್ಳು, ತುಂಡು ತುಂಡಾಗಿ, ಬೇಗ ಬೇಗ. ಅದರಲ್ಲಿ ಮೂರಿರಲಿಲ್ಲ, ನಾಲ್ಕಿರಲಿಲ್ಲ, ನಿಲ್ಲುವ ಜಾಗವೂ ಇರಲಿಲ್ಲ. ಧರ್ಮಪ್ಪನ ಮೈ ಜುಂ ಎಂದಿತು. ಎಲ್ಲೋ ಮೋಡದಾಚೆ, ಧೂಳಿನ ಏಟು ತಿನ್ನುತ್ತ, ತಿಂದದ್ದನ್ನು ಎಣಿಸುತ್ತ ಅದು ಹೋಗುತ್ತಿತ್ತು. ಅಂಥದ್ದನ್ನು ಕೇಳಬೇಕೆಂದು ಅವನು ಎಷ್ಟು ಸಂಜೆ ಕೂತಿದ್ದನೋ. ಅದು ಕೊನೆಗೂ ಬಂದ ಹೊತ್ತಿನಲ್ಲಿ ಅವನಿಗೆ ಸಂತೋಷಪಡುವ ಯೋಗ್ಯತೆ ಉಳಿದಿರಲಿಲ್ಲ. ಇಡೀ ಮಠದಲ್ಲಿ ಅದು ನಿಜವೆಂದು ತಿಳಿದಿದ್ದವನು ಅವನೊಬ್ಬನೇ.

“ಇದೇ” ಎಂದ. “ಇದೇ ಅದು.”

ಪರಮಶಿವಪ್ಪ ಕಿವಿಯನ್ನು ಪೆಟ್ಟಿಗೆಗೆ ಹಚ್ಚಿದರು. ತೋರುಬೆರಳು ನಡೆ ಹಿಡಿಯಲು ಮೇಲೆದ್ದಿತು. ಎದ್ದದ್ದು ಕೆಳಗೆ ಬೀಳಲಿಲ್ಲ. ಬೀಳಲು ಜಾಗ ಹುಡುಕುತ್ತ ಗಾಳಿಯಲ್ಲೇ ನಿಂತಿತು. ಸಿಳ್ಳು ಸಣ್ಣಗಾಗಿ ಮತ್ತೆ ಗೊರಗೊರದೊಳಗೆ ಕರಗಿತು.

“ಮೇಷ್ಟ್ರೇ, ಆವತ್ತಿನ ಹಂಗೆ ಬರ್ಲಿಲ್ಲಲ್ರೀ?” ಎಂದರು ವೀರಬಸಪ್ಪ. “ಆವತ್ತು ಟಿಕ್ ಟಿಕ್ ಅಂತ ಎಷ್ಟು ಸ್ಪಷ್ಟ ಇತ್ತು!”

“ಬಂದಿರ್ಬೇಕು” ಎಂದರು ಪರಮಶಿವಪ್ಪ ಬೆರಳು ಇಳಿಸುತ್ತ. ಸಭೆಯ ಕಡೆ ತಿರುಗಿ ಕೈ ಮುಗಿದರು. “ನನ್ನ ಕಿವಿ ಮಂದ ಆಗೈತೆ. ವಯಸ್ಸಾಯ್ತು. ಪದ್ಯ ಬಂದೇ ಇರುತ್ತೆ, ನನಗೆ ಹಿಡೀಲಿಲ್ಲ. ತಪ್ಪು ನಂದು.”

“ನಿಮ್ಮದೇನು ತಪ್ಪು ಅಯ್ಯಾ” ಎಂದು ಗುತ್ಯಮ್ಮ ಎದ್ದು ನಿಂತಳು. ಕೈ ಹಿಸುಕಿಕೊಳ್ಳುತ್ತಿದ್ದಳು. “ತಪ್ಪು ನನ್ನದು. ದೂರದ ದಾರಿ ಅಂತ ನಸುಕಿನಾಗೆ ದೇವರಿಗೆ ದೀಪ ಹಚ್ಚದೇ ಒಂದು ರೊಟ್ಟಿ ತಿಂದು ಬಂದೆ. ಅಂಥವಳು ಬಂದು ಮುಂದೆ ಕೂತರೆ ಶಿವ ಮಾತಾಡ್ತಾನಾ? ನಾನು ಹಿಂದಕ್ಕೆ ಹೋಗ್ತೀನಿ. ಇನ್ನೊಂದ್ಸಲ ಹಚ್ಚು ತಮ್ಮಾ.”

ಅವಳು ಮಂಜುಗಣ್ಣಿನಲ್ಲಿ ದಾರಿ ತಡಕುತ್ತ ಹಿಂದಕ್ಕೆ ಹೊರಟಳು. ಯಾರೋ ಒಬ್ಬ ತಾನು ಅಣ್ಣನೊಂದಿಗೆ ಮಾತು ಬಿಟ್ಟಿದ್ದೇನೆ, ತನ್ನಿಂದಲೂ ಇರಬಹುದು ಎಂದ. ಇನ್ನೊಬ್ಬ ತಲೆ ತಗ್ಗಿಸಿ ಬಾಗಿಲ ಕಡೆ ಸರಿದ. ಅಂಗಳದ ತುಂಬ ಜನ ತಮ್ಮ ತಮ್ಮ ಒಳಗನ್ನು ಕೆದಕಿಕೊಳ್ಳಲು ಶುರುಮಾಡಿದ್ದರು, ಸದ್ದು ಬಾರದ್ದಕ್ಕೆ ತಮ್ಮಲ್ಲೇ ಕಾರಣ ಹುಡುಕುತ್ತಿದ್ದರು.

ಧರ್ಮಪ್ಪನಿಗೆ ಇದನ್ನು ನೋಡಲಾಗಲಿಲ್ಲ. ಮುಸುಕನ್ನು ಎಳೆದು ಹಾಕಿದ. ಎಲ್ಲರಿಗೂ ಕಾಣುವ ಹಾಗೆ ಬಲಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಉಗುರಿನಿಂದ ಬಡಿದ. ಟಿಕ್, ಟಿಕ್. ಮೂರು, ನಾಲ್ಕು. ಮೂರು, ನಾಲ್ಕು.

ಗುತ್ಯಮ್ಮ ಅರ್ಧ ದಾರಿಯಲ್ಲಿ ನಿಂತು ತಿರುಗಿದಳು. ಅವಳಿಗೆ ಕೈ ಕಾಣದು. “ಬಂತು! ಬಂತು ನೋಡ್ರಿ!” ಎಂದಳು. ಯಾರೂ ದನಿಗೂಡಲಿಲ್ಲ. ಮೂಲೆಯಲ್ಲಿ ಒಬ್ಬ ಕಿಸಕ್ಕನೆ ನಕ್ಕು, ತಾನು ನಕ್ಕದ್ದು ತನಗೇ ಕೇಳಿ ನಿಲ್ಲಿಸಿದ. ಪಕ್ಕದ ಹೆಂಗಸು ಗುತ್ಯಮ್ಮನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿದಳು. ಮುದುಕಿಯ ಮುಖ ನಿಧಾನವಾಗಿ ಇಳಿಯಿತು.

“ಥೂ ಮೇಷ್ಟ್ರೇ” ಎಂದರು ವೀರಬಸಪ್ಪ, ಮುಸುಕನ್ನು ಮಡಚಿ ಕಂಕುಳಿಗೆ ಇಟ್ಟುಕೊಳ್ಳುತ್ತ. ಅಷ್ಟೇ ಅಂದರು.

ಧರ್ಮಪ್ಪ ಬೆರಳು ನಿಲ್ಲಿಸಿದ. ಅಪ್ಪನ ಕಡೆ ನೋಡುವ ಧೈರ್ಯವಿರಲಿಲ್ಲ.

“ಯಾಕೆ ನಿಲ್ಲಿಸ್ದೆ?” ಎಂದಿತು ಅಪ್ಪನ ದನಿ. “ಪದ್ಯ ಮುಗಿಸು.”

“ಅಪ್ಪ...”

“ಅರ್ಧಕ್ಕೆ ಬಿಡಬಾರ್ದು. ಬಡಿ.”

ಅಷ್ಟು ಜನರೆದುರಿಗೆ ಅವನು ಬಡಿದ. ಎರಡು ಸಾಲು. ಮೂರನೆಯದು. ಅದರ ಕೊನೆಗೆ ಬಂದಾಗ ಬೆರಳು ನಿಲ್ಲದೆ ನಾಲ್ಕನೆಯದಕ್ಕೆ ಹಾರಿತು. ಪರಮಶಿವಪ್ಪ ಕೈಯೆತ್ತಿದರು.

“ಇಲ್ಲೇ” ಎಂದರು. ಅವರ ಮಾತು ಸಭೆಗಲ್ಲ, ಮಗನಿಗೆ ಮಾತ್ರ ಕೇಳುವಷ್ಟಿತ್ತು. “ಆವತ್ತೂ ನೀನು ಇಲ್ಲಿ ಅವಸರ ಮಾಡ್ದೆ. ಕೇಳಿಸ್ತು ನನಗೆ. ಈ ಅವಸರ ಯಾರದ್ದು ಅಂತ ಕಿವಿ ಆಗಲೇ ಹೇಳ್ತು. ನಾನೇ ಅದರ ಬಾಯಿ ಮುಚ್ಚಿಸ್ದೆ. ಆಕಾಶದಾಗೂ ಹಿಂಗೇ ಇರುತ್ತೆ ಅಂದ್ಕಂಡೆ. ನನಗೆ ಬೇಕಾಗಿತ್ತು ಅದು.”

ಧರ್ಮಪ್ಪ ಅವರ ಕಾಲಿಗೆ ಬಾಗಿದ. ಅವರು ತಡೆಯಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಎದ್ದು ಸಭೆಯ ಕಡೆ ತಿರುಗಿದರು. ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡ ನಾಲ್ಕು ಮಾತಿಗಾಗಿ ಜನ ಕಾದರು.

“ಗುತ್ಯಮ್ಮನವರೇ, ಮುಂದೆ ಬರ್ರಿ” ಎಂದರು. “ನಿಮ್ಮ ರೊಟ್ಟಿದೇನೂ ತಪ್ಪಿಲ್ಲ.” ಅವಳನ್ನು ಕರೆತಂದು ಕೂರಿಸುವವರೆಗೆ ಕಾದು, “ನಾನು ಓದೋನು ಅಷ್ಟೇ” ಎಂದು ವ್ಯಾಸಪೀಠದ ಮುಂದೆ ಕೂತರು.

ಓದು ಶುರುವಾಯಿತು. ದನಿಯಲ್ಲಿ ಕುಂದಿರಲಿಲ್ಲ. ಒಂದು ಪದ್ಯ, ಎರಡು ಪದ್ಯ. ರೇಡಿಯೋದ ಹಿಂದೆ ತಲೆ ತಗ್ಗಿಸಿ ಕೂತಿದ್ದ ಧರ್ಮಪ್ಪನಿಗೆ ಏನೋ ಕೊರತೆ ಅನ್ನಿಸಿತು. ಏನೆಂದು ತಿಳಿಯಲು ತಡವಾಯಿತು. ಕತ್ತೆತ್ತಿ ನೋಡಿದ. ಅಪ್ಪನ ಬಲಗೈ ಶಾಲಿನೊಳಗಿತ್ತು. ವ್ಯಾಸಪೀಠದ ಅಂಚು ಬರಿದಾಗಿತ್ತು. ತೊಗರ್ಸಿಯಿಂದ ಬಂದಿದ್ದ ಹೆಂಗಸರು ತಮ್ಮ ಮಡಿಲಲ್ಲಿದ್ದ ಕೈಗಳನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಸುಮ್ಮನೆ ಹಿಡಿದುಕೊಂಡು ಕೂತಿದ್ದರು.

ಮೂರನೆಯ ಸಾಲಿನ ಕೊನೆಗೆ ಅಪ್ಪ ನಿಂತರು. ಬಡಿತವಿಲ್ಲದ ಆ ನಿಲುಗಡೆಯಲ್ಲಿ ಧರ್ಮಪ್ಪ ಮೊದಲ ಸಲ ಜೊತೆಗೆ ನಿಂತ, ಉಸಿರು ಬಿಗಿಹಿಡಿದು, ಅವರು ಮುಂದಿನ ಸಾಲು ಎತ್ತಿಕೊಳ್ಳುವವರೆಗೆ.